ಎಮ್ಮೆಗೆ ಸಿಕ್ಕ ಹೆಸರು, ದೊಡ್ಡಪ್ಪನಿಗೆ ಸಿಗದ ಹೆಸರು

ನಮ್ಮ ದೊಡ್ಡಪ್ಪ ಬದುಕಿದ್ದವರನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಸತ್ತವರಿಗೆ ಮಾತ್ರ ಮರ್ಯಾದೆ, ಅದೂ ತಾಲೂಕು ಕಚೇರಿಯ ದಪ್ತರದಲ್ಲಿ ಹೆಸರಿದ್ದರೆ!

ಎಪ್ಪತ್ತರ ದಶಕದ ಮಾತು. ಮಾಸ್ತರಿಕೆ ಮುಗಿದದ್ದೇ ತಡ, ಹೆತ್ತ ತಾಯಿಯ ಹೆಸರು ಹುಡುಕುವ ಹುಚ್ಚು ಅವರಿಗೆ ಹತ್ತಿತು. ಆಕೆ ಇವರನ್ನು ಹಡೆದ ಐದನೇ ದಿನಕ್ಕೆ ತೀರಿಹೋದವಳು. ತವರಿನ ಹೆಸರನ್ನು ಮದುವೆಯಲ್ಲಿ ಬದಲಿಸಿದರು. ಅಜ್ಜ ಮತ್ತೆ ಮದುವೆಯಾದ ಮೇಲೆ ಬದಲಿಸಿದ ಹೆಸರನ್ನೂ ಮರೆತರು. ಎರಡನೆಯಾಕೆ ನನ್ನಜ್ಜಿ, ದೊಡ್ಡಪ್ಪನಿಗೆ ಚಿಗವ್ವ. ಸತ್ತವಳು ಮನೆಮಂದಿಗೆಲ್ಲ ಬರೀ ‘ಮೊದಲಿನಾಕಿ’. ಇಂಥ ಮನೆತನ ನಮ್ಮದು, ಹೆಮ್ಮೆಪಡಬೇಡವೇ?

ಆಕೆಯ ತವರು ಹೊರ್ತಿ ಎಂದು ಒಬ್ಬರು, ಅಲ್ಲ ಮುದ್ದೇಬಿಹಾಳದ ಕಡೆ ಎಂದು ಇನ್ನೊಬ್ಬರು. ದೊಡ್ಡಪ್ಪ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಸುತ್ತಿದರು. ಸಿಂದಗಿ ಕಚೇರಿಯ ಬೆಂಚಿನ ಮೇಲೆ ಎಷ್ಟು ದಿನ ಕೂತರೆಂದರೆ, ಜನ ಇವರನ್ನೇ ಕಾರಕೂನ ಎಂದುಕೊಂಡು ಅರ್ಜಿ ಕೊಡತೊಡಗಿದರು. ಇವರೋ, ಕಾಗುಣಿತ ತಿದ್ದಿ ವಾಪಸು ಕೊಟ್ಟರು!

ಕೊನೆಗೆ ಅಜ್ಜನ ಊರು ಮಸೂತಿಯ ದಾಖಲೆಗೆಂದು ಬಾಗೇವಾಡಿಗೆ ಹೋದರು. ಹಳೆಯ ಕಾಗದವೆಲ್ಲ ಮರಾಠಿಯ ಮೋಡಿ ಲಿಪಿ. ಅರವತ್ತರ ವಯಸ್ಸಿನಲ್ಲಿ ಅದನ್ನೂ ಕಲಿತರು. ಒಂದು ದಿನ ಪೇಡೆ ಹಂಚಿದರು: ಅಜ್ಜನ ಹೆಸರಿನ ಮುಂದೆ ‘ಗೌರಿ’ ಎಂದಿದೆಯಂತೆ. ವಾರದ ಮೇಲೆ ಕಾರಕೂನ ತಲೆ ಕೆರೆದುಕೊಂಡ.

“ಮಾಸ್ತರ, ಅದು ಕೊಂಡವಾಡದ ದಪ್ತರರಿ. ಗೌರಿ ಅಂದ್ರ ನಿಮ್ಮಪ್ಪನ ಎಮ್ಮಿ. ಮಂದಿ ಬೆಳಿ ಮೇಯ್ದಿತ್ತಂತ ಹಿಡಿದು ಕಟ್ಟಿದ್ದರು.”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೊಡ್ಡಪ್ಪ ಎರಡು ದಿನ ಉಣ್ಣಲಿಲ್ಲ. ಆ ನಗುವಿಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ನನಗೆ ಮಗಳು ಹುಟ್ಟಿದಳು. “ಹೆಸರು ಸಿಕ್ಕರ ಇಕಿಗೆ ಅದನ್ನ ಇಡತೇನಿ, ದೊಡ್ಡಪ್ಪಾ” ಎಂದೆ. ತೊಟ್ಟಿಲಿಗೆ ಹಾಕುವ ದಿನ ಅವರು ತಾಯಿಯ ಮರಣದ ದಾಖಲೆಯ ನಕಲು ಹಿಡಿದು ಬಂದರು. ‘ಕೋಂ’ ಎಂದರೆ ಇಂಥವನ ಹೆಂಡತಿ. ಕೋಂ ಆದಮೇಲೆ ಅಜ್ಜನ ಹೆಸರು ದುಂಡಗೆ ಇತ್ತು. ಅದರ ಹಿಂದಿನ ಜಾಗ ಖಾಲಿ.

“ಬರಸಿದಾಂವ ಅಪ್ಪನೇ” ಎಂದರು ದೊಡ್ಡಪ್ಪ. “ಹೇಂತಿ ಹೆಸರು ಗಂಡ ಹೇಳಬಾರದಲ್ಲ. ಎಮ್ಮಿದು ಹೇಳಬಹುದು.”

ಯಾರೂ ನಗಲಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ನನ್ನ ತಂಗಿ ದೊಡ್ಡಪ್ಪನಿಗೆ ಜಾಗ ಬಿಟ್ಟು ಸರಿದು ನಿಂತಳು. ದೊಡ್ಡಪ್ಪ ಬಗ್ಗಿ ಏನೋ ಅಂದರು. ಕೂಸು ಕಣ್ಣು ಬಿಟ್ಟಿತು.

“ಏನ ಹೆಸರು ಹೇಳಿದ್ರಿ?” ಎಂದು ಕೇಳಿದೆ.

“ಹೆಸರು ಎಲ್ಲಿಂದ ತರಲೆಪ್ಪಾ? ‘ಅವ್ವಾ’ ಅಂದೆ. ಹುಟ್ಟಿದಾಗಿಂದ ಯಾರಿಗೂ ಅಂದಿದ್ದಿಲ್ಲ.”