ನೀರಿಗೆ ಇಷ್ಟ ಬಂದಾಗ

ನಮ್ಮ ದೊಡ್ಡಪ್ಪನ ಮಾತನ್ನ ಮನೇಲಿ ದೊಡ್ಡಮ್ಮ ಕೇಳಲ್ಲ, ಬೀದೀಲಿ ನಾಯಿ ಕೇಳಲ್ಲ. ಆದ್ರೆ ನೀರು ಕೇಳುತ್ತೆ! ನಂಬಲ್ವಾ? ನಾನೂ ನಂಬಿರ್ಲಿಲ್ಲ, ಅದೂ ಪಿಯುಸಿ ಸೈನ್ಸ್ ಓದೋ ಮಹಾಮೇಧಾವಿ!

ಹಗರೆ ಮೇನ್ ರೋಡಲ್ಲಿ ದೊಡ್ಡಪ್ಪಂದು ಕೂಲ್‌ಡ್ರಿಂಕ್ಸ್ ಅಂಗಡಿ. ಒಂದಿನ ಫ್ರೀಜರಿಂದ ನೀರಿನ ಬಾಟ್ಲು ತೆಗೆದ್ರು. ಫ್ರೀಜರ್ ಮೈನಸ್ ಐದು ಅಂತ ತೋರಿಸ್ತಿದೆ, ನೀರು ಮಾತ್ರ ನೀರಾಗೇ ಇದೆ. "ಐಸಾಗ್ಲಾ ಮುಂಡೇದೆ!" ಅಂತ ಗದರಿ ಟೇಬಲ್ ಮೇಲೆ ಕುಕ್ಕಿದ್ರು ನೋಡಿ, ಸರ್ರಂತ ಮೇಲಿಂದ ಕೆಳಗೆ ಬೆಳ್ಳಗಾಗಿ ಕಲ್ಲಾಗೋಯ್ತು! ಸೋಡಾ ಕುಡೀತಿದ್ದ ಗಿರಾಕಿ ಅರ್ಧಕ್ಕೇ ಬಿಟ್ಟು ಎದ್ದೋದ.

ದೊಡ್ಡಮ್ಮ ಬೆರಗಾದ್ರಾ? ಊಹೂಂ. "ಹಾಲು ತಾನಾಗೇ ಮೊಸರಾಗ್ತೈತಾ? ಹೆಪ್ಪು ಹಾಕ್ಬೇಕು. ನೀರಿಗೂ ಬೇಕಿತ್ತು. ನೀವು ಕುಕ್ಕಿದ್ದೇ ಹೆಪ್ಪು" ಅಂದ್ರು. ಮೊಬೈಲಲ್ಲಿ ಹುಡುಕಿದೆ. ಥೂ, ಕರೆಕ್ಟು! ಅಲುಗಾಡದೆ ಮಲಗಿರೋ ಶುದ್ಧ ನೀರು ಸೊನ್ನೆಗಿಂತ ಕೆಳಗೆ ಹೋದ್ರೂ ಗಟ್ಟಿಯಾಗದೆ ಇರಬಹುದಂತೆ. ಒಂದೇ ಒಂದು ಐಸಿನ ಕಣ ಹುಟ್ಟಿದ್ರೆ ಸಾಕು, ಮಿಕ್ಕಿದ್ದೆಲ್ಲ ಅದ್ರ ಹಿಂದೆ ಸಾಲುಗಟ್ಟುತ್ತಂತೆ. ನಮ್ಮ ಲೆಕ್ಚರರ್ ಒಂದು ಪೀರಿಯಡ್ ತಗೊಳ್ಳೋದನ್ನ ದೊಡ್ಡಮ್ಮ ಮಜ್ಜಿಗೆ ಕಡೀತಾ ಮುಗಿಸಿಬಿಟ್ರು!

ದೊಡ್ಡಪ್ಪ ಮಾತ್ರ ನಗಲಿಲ್ಲ. "ಸೊನ್ನೆಗಿಂತ ಕೆಳಗೂ ನೀರಾಗೇ ಇರ್ತೈತೇನ್ಲಾ? ಬರ್ದೈತಾ ಹಂಗೆ?" ಅಂತ ಮೂರು ಸಲ ಕೇಳಿದ್ರು.

ವಿಷಯ ಏನಪ್ಪಾ ಅಂದ್ರೆ, ಎಂಟನೇ ಕ್ಲಾಸಿನ ಪರೀಕ್ಷೇಲಿ ವಿಜ್ಞಾನದ ಮೇಷ್ಟ್ರು "ನೀರು ಯಾವಾಗ ಮಂಜುಗಡ್ಡೆಯಾಗುತ್ತದೆ?" ಅಂತ ಕೇಳಿದ್ದಕ್ಕೆ ಇವರು "ಅದಕ್ಕೆ ಇಷ್ಟ ಬಂದಾಗ" ಅಂತ ಬರೆದಿದ್ರಂತೆ. ಸೊನ್ನೆ ಅಂತ ಬರೀಲಿಲ್ಲ ಅಂತ ಸೊನ್ನೆ ಕೊಟ್ರು! ಇಡೀ ಕ್ಲಾಸಿಗೆ ಓದಿ ಹೇಳಿ ನಗಿಸಿ, "ಕೈ ನೀಡು" ಅಂತ ಬೆತ್ತದಲ್ಲಿ ಎರಡು ಬಾರಿಸಿದ್ರು. ಮಾರನೇ ದಿನದಿಂದ ದೊಡ್ಡಪ್ಪ ಸ್ಕೂಲ್ ಕಡೆ ತಲೆ ಹಾಕಲಿಲ್ಲ.

ಆ ಮೇಷ್ಟ್ರು ಈಗ ಬಸ್ತಿಹಳ್ಳೀಲಿದಾರೆ. ಊರುಗೋಲಿಲ್ದೆ ಹೊಸ್ತಿಲು ದಾಟೋಕಾಗಲ್ಲ. "ಅವ್ರು ಇರೋವಾಗ್ಲೇ ತೋರಿಸ್ಬೇಕು ಕಣ್ಲಾ" ಅಂತ ಹೊರಟೇಬಿಟ್ರು. ನೀರಿರೋ ಬಾಟ್ಲನ್ನ ಶಾಲಲ್ಲಿ ಸುತ್ತಿ, ಬಾಣಂತಿ ಮಗು ಎತ್ಕೊಂಡಂಗೆ ಎತ್ಕೊಂಡು ಬಸ್ ಹತ್ತಿದ್ರು.

"ಏನ್ ಯಜಮಾನ್ರೇ, ಮೊಟ್ಟೆನಾ?" ಅಂದ ಕಂಡಕ್ಟರ್.

"ನೀರು ಕಣಯ್ಯ. ಮಲಗೈತೆ. ಮೆಲ್ಲಗೆ ಮಾತಾಡು!"

ಮೊದಲನೇ ಹಂಪ್. ಸರ್ರ್! ಐಸು. ವಾಪಸ್.

ಎರಡನೇ ದಿನ ಸೀದಾ ಡ್ರೈವರ್ ಹತ್ರ ಹೋಗಿ, "ಹಂಪ್ ಮೇಲೆ ಹತ್ತಿಸ್ಬೇಡಪ್ಪ" ಅಂದ್ರು. "ಹಂಗಾದ್ರೆ ಹಾರಿಸ್ಲಾ?" ಅಂದ ಅವನು. ಮತ್ತೆ ಐಸು!

"ದೊಡ್ಡಪ್ಪ, ಮೇಷ್ಟ್ರ ಮನೇಲಿ ಫ್ರಿಜ್ ಇಲ್ವಾ?" (ಈ ಬುದ್ಧಿ ಯಾರದು? ನಂದೇ. ಬರ್ಕೊಳ್ಳಿ.)

ಮೂರನೇ ದಿನ ಇಬ್ರೂ ಬಸ್ತಿಹಳ್ಳಿಗೆ ಹೋದ್ವಿ. ಮೇಷ್ಟ್ರ ಸೊಸೆ ಪಾಪ, ಫ್ರೀಜರ್ ಖಾಲಿ ಮಾಡಿಕೊಟ್ರು. ಐದು ಬಾಟ್ಲು ಮಲಗಿಸಿ, ಎರಡೂವರೆ ಗಂಟೆ ದೊಡ್ಡಪ್ಪ ಸ್ಟೂಲ್ ಮೇಲೆ ಪರೀಕ್ಷೆಗೆ ಬಂದವರ ಥರ ಬೆವರ್ತಾ ಕೂತ್ರು. ಫ್ರಿಜ್ ಮುಂದೆ ಕೂತು ಬೆವರೋ ಮನುಷ್ಯನ್ನ ನೀವೆಲ್ಲಾದ್ರೂ ನೋಡಿದೀರಾ? ಬಾಗಿಲು ತೆಗೆದ್ರೆ ನಾಲ್ಕು ಆಗ್ಲೇ ಕಲ್ಲು. ಐದನೇದು ನೀರು! ಉಸಿರು ಬಿಗಿಹಿಡಿದು ತಂದು ಮೇಷ್ಟ್ರ ಮುಂದಿಟ್ಟು, "ಸಾರ್, ಇದು ಸೊನ್ನೆಗಿಂತ ಕೆಳಗೈತೆ. ಕೋಲಲ್ಲಿ ಒಂದು ತಟ್ಟಿ" ಅಂದ್ರು.

ಮೇಷ್ಟ್ರು ಊರುಗೋಲೆತ್ತಿ ತಟ್ಟಿದ್ರು. ಸರ್ರ್!

ಮೇಷ್ಟ್ರು ಬಾಟ್ಲನ್ನ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ, "ಕೈ ನೀಡು" ಅಂದ್ರು.

ಮೀಸೆ ಬೆಳ್ಳಗಾಗಿರೋ ನಮ್ಮ ದೊಡ್ಡಪ್ಪ, ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಅಂಗೈ ಚಾಚಿಬಿಡೋದಾ! ನಂಗೆ ನಗು ಬಂದೇಬಿಡ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಬಾಟ್ಲನ್ನ ಆ ಅಂಗೈ ಮೇಲಿಟ್ಟು, ಮೇಲೆ ತಮ್ಮ ಕೈಯಿಟ್ಟು, "ನಿನ್ನ ಉತ್ತರ ಸರಿ ಇತ್ತು ಕಣೋ" ಅಂದ್ರು.

ವಾಪಸ್ ಬಸ್ಸಲ್ಲಿ ದೊಡ್ಡಪ್ಪ ಕಿಟಕಿ ಪಕ್ಕ ಕೂತ್ರು. ಬಾಟ್ಲು ತೊಡೆ ಮೇಲಿತ್ತು. ಅದು ಗಟ್ಟಿಯಾಗಿಹೋಗಿತ್ತು, ಇನ್ನು ಯಾವ ಹಂಪ್ ಬಂದ್ರೂ ಏನೂ ಆಗ್ತಿರ್ಲಿಲ್ಲ. ಆದ್ರೂ ಪ್ರತಿ ಹಂಪಿಗೂ ಅವರು ಅದನ್ನ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹಿಡೀತಿದ್ರು.