‘ಸೂಜಿ–ದಾರ’ದ ಸಂಪಾದಕಿ

ಶುಕ್ರವಾರ ಬೆಳಿಗ್ಗೆ ಹೀರಾಬಿಯ ಮನೆಯಲ್ಲಿ ಸಕ್ಕರೆ ತೀರಿಹೋಯಿತು. ಮಾನ್ವಿಯಲ್ಲಿ ಸಕ್ಕರೆ ತೀರುವುದೇನು ದೊಡ್ಡ ಸುದ್ದಿಯಲ್ಲ. ಆದರೆ ಹೀರಾಬಿ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳಲ್ಲ, ಅಲ್ಲಿಂದ ಅನ್ವರಿ ಬೇಗಂಳ ಗ್ರಹಚಾರ ಶುರುವಾಯಿತು.

ಅನ್ವರಿ ಹೊಲಿಗೆ ಕೇಂದ್ರದ ಟೀಚರು. ವಯಸ್ಸು ಮೂವತ್ನಾಲ್ಕು, ಒಂಟಿ ಜೀವ. ಊರಿಗೆ ಸರಿಯಾಗಿ ಗೊತ್ತಿಲ್ಲದ ಇನ್ನೊಂದು ಕೆಲಸ ಅವಳಿಗಿತ್ತು. ‘ಸೂಜಿ–ದಾರ’ ಅನ್ನುವ ಪತ್ರಿಕೆಗೆ ಅವಳು ಸಂಪಾದಕಿ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಐದು ಪ್ರತಿಯಿಂದ ಶುರುವಾದ ಪತ್ರಿಕೆ ನಾಲ್ಕು ವರ್ಷ ಏದುಸಿರು ಬಿಟ್ಟು ಹನ್ನೆರಡಕ್ಕೆ ಬಂದು ನಿಂತಿತ್ತು. ಸ್ಟೆನ್ಸಿಲ್ ಮೇಲೆ ತಾನೇ ಕೈಯಾರೆ ಬರೆದು, ರಾಯಚೂರಿಗೆ ಹೋಗಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿ ತರುತ್ತಿದ್ದಳು. ಮುಂದಿನ ನಾಲ್ಕು ಪುಟ ಜಂಪರ್, ಅಂದರೆ ರವಿಕೆ, ಕತ್ತರಿಸುವ ನಕ್ಷೆ, ಕಸೂತಿ, ಉಪ್ಪಿನಕಾಯಿ. ಅದೆಲ್ಲ ಊರಿನ ಕಣ್ಣಿಗೆ ಮಣ್ಣೆರಚಲಿಕ್ಕೆ. ಹಿಂದಿನ ನಾಲ್ಕು ಪುಟವೇ ಅಸಲು: ಹೆಂಗಸರ ಮೇಲೆಯೇ ಮನಸ್ಸಿಟ್ಟ ಹೆಂಗಸರು ತಮ್ಮತಮ್ಮಲ್ಲಿ ಹೇಳಿಕೊಂಡ ಮಾತುಗಳು. ಸಿರವಾರದವಳೊಬ್ಬಳು ತನ್ನ ಗೆಳತಿಯ ಮದುವೆಯಲ್ಲಿ ಗಂಟಲಿಗಿಳಿಯದ ಊಟದ ಬಗ್ಗೆ ಬರೆದಾಗ ಅನ್ವರಿ ಸ್ಟೆನ್ಸಿಲ್ ಬರೆಯುತ್ತಲೇ ಅತ್ತಿದ್ದಳು.

ಓದುಗರ ಪತ್ರಗಳು ‘ಸೂಜಿ–ದಾರ, ಮಾನ್ವಿ ಅಂಚೆ ಕಚೇರಿ’ ಅನ್ನುವ ವಿಳಾಸಕ್ಕೆ ಬರುತ್ತಿದ್ದವು. ಸಂಪಾದಕಿಯ ಹೆಸರನ್ನು ಮಾತ್ರ ಪತ್ರಿಕೆಯಲ್ಲಾಗಲಿ ಉತ್ತರದಲ್ಲಾಗಲಿ ಎಲ್ಲೂ ಹಾಕುತ್ತಿರಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಓದುಗರಲ್ಲಿ ಒಬ್ಬಳಾದ ದೇವದುರ್ಗದ ನರ್ಸ್ ಆದೆಮ್ಮನ ಪತ್ರ ಬಂದ ದಿನ ಅನ್ವರಿಗೆ ಅನ್ನ ಸೇರುತ್ತಿರಲಿಲ್ಲ. ಎರಡು ವರ್ಷ ಮುಖ ನೋಡದೆ ಇಬ್ಬರೂ ಬರೆದುಕೊಂಡಿದ್ದರು. ಮೊನ್ನೆ ಬಂದ ಪತ್ರದಲ್ಲಿ ಹೀಗಿತ್ತು: ‘ನನಗೆ ವರ್ಗವಾಗಿದೆ. ಮಾನ್ವಿಯೋ ಲಿಂಗಸುಗೂರೋ, ಶನಿವಾರ ಬರೆದುಕೊಡಬೇಕು. ಶುಕ್ರವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಹೊಸ ಸಂಚಿಕೆ ಕೈಯಲ್ಲಿ ಹಿಡಿದು ನಿಂತಿರಿ. ನೀವು ಬಾ ಅಂದರೆ ಮಾನ್ವಿ ಅಂತಲೇ ಬರೆಯುತ್ತೇನೆ.’

ಅನ್ವರಿ ಆ ಬೆಳಿಗ್ಗೆ ತಲೆಗೆ ಎರಡೆರಡು ಸಲ ಸೀಗೆಕಾಯಿ ಹಾಕಿಕೊಂಡಳು. ಬಚ್ಚಲಿಂದ ಬಂದು ನೋಡಿದರೆ ಮಂಚದ ಮೇಲಿದ್ದ ಹನ್ನೆರಡು ಪ್ರತಿಯೂ ಮಾಯ! ಬಾಗಿಲಲ್ಲಿ ಹೀರಾಬಿ ಬಟ್ಟಲು ಹಿಡಿದು ನಿಂತಿದ್ದಳು.

“ಹೀರಾ ಖಾಲಾ! ನನ್ನ ಪುಸ್ತಕ ಎಲ್ಲಿ?”

“ಎಂಥಾ ಬುಗ್ಗಾ ತೋಳಿನ ಜಂಪರ್ ಹಾಕೀಯವಾ ಅದರಾಗ! ಸಕ್ಕರಿ ಇಸ್ಗೊಳ್ಳಾಕ ಬಂದಿದ್ದೆ, ಕಣ್ಣಿಗೆ ಬಿತ್ತು. ಓಣ್ಯಾಗ ಎಲ್ಲಾರಿಗೂ ಹಂಚಿ ಬಂದೆ. ದುವಾ ಮಾಡ್ತಾರ ನಿನಗ.”

“ಹಿಂದಿನ ಹಾಳಿ... ಯಾರರ ಓದಿದ್ರೇನು?”

“ಕನ್ನಡ ಓದಾಕ ನಮಗೆಲ್ಲಿ ಬರ್ತದ? ಚಿತ್ರ ಸಾಕು ಬಿಡು.”

ಅನ್ವರಿಗೆ ಹೋದ ಜೀವ ಬಂತು. ಆದರೆ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಎದುರು ಮನೆಗೆ ಓಡಿದಳು.

“ತಡಾ ಮಾಡಿದ್ರಿ ಟೀಚರ್,” ಅಂದಳು ಮಹಬೂಬೀ, “ಬಟ್ಟಿ ಮ್ಯಾಲಿಟ್ಟು ಕತ್ತರಿಸೇ ಬಿಟ್ಟೆ.” ಸಿರವಾರದವಳ ಹೊಸ ಪತ್ರ ಎಡಗೈ ತೋಳಾಗಿ ನೆಲದ ಮೇಲೆ ಬಿದ್ದಿತ್ತು. ಇಮಾಮ್ ಬೀ ತನ್ನದನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಜಡಿದಿದ್ದಳು. ಕೀಲಿ ಗಂಡನ ಕಿಸೆಯಲ್ಲಿ, ಗಂಡ ಸಂತೆಯಲ್ಲಿ. ಮನೆಮನೆಗೂ ಇದೇ ಹಾಡು. ಹನ್ನೊಂದು ಪ್ರತಿ ಹೀಗೆ ಕೈಬಿಟ್ಟವು.

“ಹನ್ನೆರಡನೇದು ಎಲ್ಲಿ ಖಾಲಾ?”

“ಬೆಣ್ಣಿ ಮಾರಾಕಿ ಇಲ್ಲೇನು, ಮಲ್ಲಟದ ಬಂಡೆಮ್ಮ, ಆಕಿಗೆ ಕೊಟ್ಟೆ. ಈಗಽ ಬಸ್ ಸ್ಟ್ಯಾಂಡಿಗೆ ಹೋದ್ಲು ನೋಡು.”

ಅನ್ವರಿ ಚಪ್ಪಲಿ ಮೆಟ್ಟದೆ ಓಡಿದಳು. ಹಿಂದಿನಿಂದ ಹೀರಾಬಿ, ಅವಳ ಹಿಂದೆ ಅಳತೆ ಟೇಪು ಹಿಡಿದ ಮೂವರು: “ತೋಳಿಂದು ಅಳತಿ ಹೇಳಿ ಹೋಗ್ರೀ ಟೀಚರ್!”

ದೇವದುರ್ಗದ ಬಸ್ಸು ಆಗಲೇ ಬಂದು ಖಾಲಿಯಾಗಿತ್ತು. ಕಟ್ಟೆಯ ಮೇಲೆ ಬಂಡೆಮ್ಮ ಬೆಣ್ಣೆ ಗಡಿಗೆ ಮಗ್ಗುಲಲ್ಲಿಟ್ಟು ‘ಸೂಜಿ–ದಾರ’ವನ್ನು ತಲೆಕೆಳಗಾಗಿ ಹಿಡಿದು ಕೂತಿದ್ದಳು. ಅವಳೆದುರು ಬಿಳಿ ಸೀರೆಯ ಹೆಂಗಸೊಬ್ಬಳು, ಹೆಗಲಲ್ಲಿ ಚೀಲ, ಕಣ್ಣಲ್ಲಿ ನೀರು. ಇವಳೇ ಆದೆಮ್ಮ ಅಂತ ಅನ್ವರಿಗೆ ಯಾರೂ ಹೇಳಬೇಕಾಗಲಿಲ್ಲ.

“ಎರಡು ವರ್ಷ ಕಾದೀನ್ರಿ ನಿಮಗಾಗಿ,” ಎಂದು ಆದೆಮ್ಮ ಬಂಡೆಮ್ಮನ ಎರಡೂ ಕೈ ಹಿಡಿದುಕೊಂಡಿದ್ದಳು. “ಯಾರಿಗೂ ಗುರ್ತು ಸಿಗಬಾರ್ದಂತ ಬೆಣ್ಣಿ ಮಾರಾಕಿ ವೇಷದಾಗ ಬಂದೀರಿ. ಪುಸ್ತಕಾನೂ ತಲಿಕೆಳಗ ಹಿಡದೀರಿ! ಭಾಳ ಶಾಣ್ಯಾ ಅದೀರಿ. ನೀವಽ ಅಲ್ಲೇನ್ರಿ?”

ಬಂಡೆಮ್ಮ ಆಚೆ ನೋಡಿದಳು, ಈಚೆ ನೋಡಿದಳು. ಅವಳಿಗಾಗಿ ಯಾರೂ ಎರಡು ಗಳಿಗೆಯೂ ಕಾದವರಿಲ್ಲ.

“ಹೂಂ,” ಅಂದಳು. “ನಾನಽ.”

‘ಅಲ್ಲ, ನಾನು!’ ಅನ್ನುವ ಮಾತು ಅನ್ವರಿಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹೀರಾಬಿ ಅವಳ ತೋಳಿಗೆ ಟೇಪು ಸುತ್ತಿಯೇ ಬಿಟ್ಟಳು. “ನಿಲ್ಲವಾ ಸುಮ್ಮನ, ನಿನ್ನ ತೋಳಿನಷ್ಟಽ ಇಡಬೇಕೇನು?” ಓಣಿಯ ನಾಲ್ಕು ಜನ ಸುತ್ತಲೂ ನಿಂತಿದ್ದರು. ಆ ಮಾತು ಈಗ ಹೊರಗೆ ಬಿದ್ದರೆ ಸಂಜೆಯೊಳಗೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಅನ್ವರಿ ತೋಳು ಚಾಚಿ ಕೊಟ್ಟಳು.

“ಮಾನ್ವಿಗೆ ಬರಲೇನ್ರಿ ಹಂಗಾದ್ರ?” ಆದೆಮ್ಮ ಕೇಳಿದಳು.

“ಬರ್ರಲ್ಲ, ಯಾಕ ಬರಬಾರ್ದು?” ಅಂದಳು ಬಂಡೆಮ್ಮ. “ದಿನಾ ಬೆಣ್ಣಿ ಕೊಡ್ತೀನಿ.”

ಬಸ್ಸು ತಿರುಗಿ ಹೊರಡುವುದರಲ್ಲಿತ್ತು. ಆದೆಮ್ಮ ಅಳುತ್ತ ನಗುತ್ತ ಹತ್ತಿ ಕೂತಳು. ಕಿಟಕಿಯಿಂದ ಒಮ್ಮೆ ಅನ್ವರಿಯ ಕಡೆಗೂ ಅವಳ ನೋಟ ಹರಿಯಿತು. ತೋಳಿಗೆ ಟೇಪು ಸುತ್ತಿಕೊಂಡು ನಿಂತ ಯಾರೋ ಹೆಂಗಸು ಅಂದುಕೊಂಡು ಮುಖ ತಿರುಗಿಸಿದಳು.

ಅಳತೆ ಸಿಕ್ಕ ಖುಷಿಯಲ್ಲಿ ಓಣಿಯವರು ಮನೆಗೆ ಹೋದರು. ಬಂಡೆಮ್ಮ ಮೆಲ್ಲಗೆ ಹತ್ತಿರ ಬಂದಳು.

“ಟೀಚರಮ್ಮ, ಯಾರ ಮುಂದೂ ಹೇಳಬ್ಯಾಡ್ರಿ. ಆಕಿ ಬರಾತನಕ ವಾರಕ್ಕೊಂದು ಪತ್ರ ಹಾಕ್ರಿ ಅಂದಾಳ. ನನಗ ಹೆಬ್ಬಟ್ಟು ಒತ್ತಾದು ಬಿಟ್ರ ಏನೂ ಬರಂಗಿಲ್ಲ. ನೀವಽ ಬರದು ಕೊಡ್ರಿ.”

“ಸುಳ್ಳು ಯಾಕ ಹೇಳಿದಿ ಬಂಡೆಮ್ಮ?”

ಬಂಡೆಮ್ಮ ತಲೆ ತಗ್ಗಿಸಿದಳು. “ಅಷ್ಟು ಪ್ರೀತಿಲೆ ನನ್ನ ಕೈ ಯಾರೂ ಹಿಡದಿದ್ದಿಲ್ರೀ. ಅಲ್ಲ ಅನ್ನಾಕ ಬಾಯಿ ಬರಲಿಲ್ಲ.”

ಸಿಟ್ಟು ಬರಬೇಕಾಗಿತ್ತು. ಅನ್ವರಿಗೆ ಬಂದದ್ದು ಅಳು. ಅಂಚೆ ಕಚೇರಿಯಿಂದ ಇನ್‌ಲ್ಯಾಂಡ್ ಲೆಟರ್ ತಂದು ಕಟ್ಟೆಯ ಮೇಲೆ ಕೂತಳು. ಇದು ಸಂಪಾದಕಿಯ ಕೈಬರಹವಲ್ಲ ಅಂತ ಆದೆಮ್ಮನಿಗೆ ಅನುಮಾನ ಬರಲಿ ಎಂದು ಬೇಕೆಂದೇ ಅಕ್ಷರ ಸೊಟ್ಟ ಮಾಡಿದಳು. ‘ಪ್ರೀತಿಯ ಆದೆಮ್ಮ, ನೀವು ಬಸ್ಸು ಹತ್ತಿದ್ದೇ ಊರೆಲ್ಲ ಖಾಲಿ ಅನ್ನಿಸಿತು...’ ಎರಡು ಸಾಲು ಸೊಟ್ಟಗೆ ಹೋದವು. ಆಮೇಲೆ ಎರಡು ವರ್ಷ ಒಳಗಿಟ್ಟುಕೊಂಡದ್ದೆಲ್ಲ ತಾನಾಗಿ ಬರತೊಡಗಿತು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅವಳದೇ ದುಂಡು ಅಕ್ಷರ ಮೂಡಿತ್ತು, ಆದೆಮ್ಮ ಕಣ್ಣು ಮುಚ್ಚಿಯೂ ಗುರುತಿಸುವಂಥದ್ದು. ಇನ್ನು ಬಂಡೆಮ್ಮನ ಮೇಲೆ ಅನುಮಾನ ಬರುವ ಮಾತೇ ಇರಲಿಲ್ಲ.

ಹಾಳೆ ತುಂಬಿತು. ಅನ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕೆಳಗ ಯಾರ ಹೆಸರು ಹಾಕ್ಲಿ?”

“ನಂದಽ ಹಾಕ್ರಿ ಮತ್ತ,” ಅಂದಳು ಬಂಡೆಮ್ಮ, “ಇನ್ಯಾರದು?”