ನವಿಲಿನ ಕಣ್ಣು ನೋಡುವ ಕೆಲಸ

ಯಾವುದನ್ನಾದರೂ ಬೇಗ ಆಗಲೆಂದು ನಾನು ಕೈಹಾಕಿದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಬನಹಟ್ಟಿಯ ಸೀರೆ ಮಾಲಕರೊಬ್ಬರು ನನ್ನಿಂದ ಒಂದು ಆಪ್ ಬರೆಸಿದರು. ಹಳೆ ಸೀರೆಯ ಫೋಟೊ ಕೊಟ್ಟರೆ ಅದು ಮಗ್ಗಕ್ಕೆ ಬೇಕಾದ ಚೌಕಳಿ ನಕ್ಷೆ ಬರೆಯಬೇಕು. ಅಲ್ಲಿ ನಲವತ್ತು ವರ್ಷದಿಂದ ಆ ನಕ್ಷೆಯನ್ನು ಕೈಯಲ್ಲಿ ಬರೆಯುತ್ತಿದ್ದವರು ಒಬ್ಬ ಮಾಸ್ತರು. ಆಪ್ ಓಡಿದರೆ ಅವರ ಕೆಲಸ ಹೋಗುತ್ತದೆ. ಇದು ಮೂವರಿಗೂ ಗೊತ್ತಿತ್ತು, ಆದರೂ ಚಹಾ ಕೂಡಿಯೇ ಕುಡಿಯುತ್ತಿದ್ದೆವು.

ಒಂದು

ಮೊದಲು ಆಪ್ ಫೋಟೊದ ಒಂದೊಂದು ಚುಕ್ಕೆಯನ್ನೂ ನೋಡಿ ಚೌಕ ತುಂಬುತ್ತಿತ್ತು. ಒಂದು ಸೆರಗಿಗೆ ಮುಕ್ಕಾಲು ತಾಸು.

"ಇಷ್ಟರಾಗ ನಾ ಬಸ್ ಹಿಡದು ಜಮಖಂಡಿ ಮುಟ್ಟತೇನ್ರಿ" ಅಂದರು ಮಾಲಕರು.

ಮೂರು ಚುಕ್ಕೆ ಬಿಟ್ಟು ಒಂದನ್ನು ನೋಡುವಂತೆ ಮಾಡಿದೆ. ವೇಗ ಬಂತು, ನವಿಲಿನ ಕಣ್ಣು ಹೋಯಿತು. ನಕ್ಷೆಯಲ್ಲಿ ಕಣ್ಣೆಂದರೆ ಒಂದೇ ಚೌಕ, ಆಪ್ ಅದನ್ನು ದಾಟಿ ನಡೆದಿತ್ತು. ನಾಲ್ಕು ಸೀರೆ ನೆಯ್ದ ಮೇಲೆ ಮಾಲಕರ ಗಮನಕ್ಕೆ ಬಂತು. "ಮಾಸ್ತರ, ಕಣ್ಣ ಇಲ್ಲಲ್ರಿ ಇವಕ್ಕ!"

ಮಾಸ್ತರು ಸೀರೆಯ ಮೇಲೆ ಬೆರಳಾಡಿಸಿ ಅಂದರು: "ಹಾವಿಗೆ ಛಲೋ ಆತು ಬಿಡ್ರಿ."

ಎರಡು

ದಾರಿ ತೋರಿಸಿದವರೂ ಮಾಸ್ತರೇ. "ತಮ್ಮಾ, ಸೀರಿ ತುಂಬ ನವಿಲು ಒಂದ. ಒಂದನ್ನ ಪೂರಾ ನೋಡು, ಉಳದಲ್ಲೆಲ್ಲಾ ಅದನ್ನ ಹಚ್ಚು. ನಾ ಹಂಗ ಬರದಾಂವ."

ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಳ್ಳುತ್ತಿದ್ದಾರಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಹಾಗೇ ಮಾಡಿದೆ. ಮುಕ್ಕಾಲು ತಾಸು ಅರ್ಧ ನಿಮಿಷಕ್ಕೆ ಇಳಿಯಿತು. ಆದರೆ ಆಪ್ ನೋಡಿದ ಆ ಒಂದು ನವಿಲಿನ ಕೊಕ್ಕಿನ ಕೆಳಗೆ ಯಾವುದೋ ಮದುವೆ ಊಟದ ಸಾರಿನ ಕಲೆ ಇತ್ತು. ಸೀರೆ ನೆಯ್ದು ನೋಡಿದರೆ ಎಲ್ಲ ನವಿಲಿಗೂ ಕಲೆ ಬಂದಿತ್ತು. ಮಾಲಕರು ತಲೆ ಹಿಡಿದುಕೊಂಡು ಕೂತರು.

ಅಷ್ಟರಲ್ಲಿ ಮುಧೋಳದ ವ್ಯಾಪಾರಿ ಬಂದು ಸೀರೆ ಬಿಡಿಸಿ ನೋಡಿದ. "ನವಿಲು ಕಾಳ ತಿನ್ನಾಕತ್ತೇತಿ! ಹೊಸಾ ಡಿಜೈನ್, ಇದ್ದಷ್ಟೂ ಕೊಡ್ರಿ."

ಮೂರು

ಅಲ್ಲಿಗೆ ಮಾಸ್ತರ ಕೆಲಸ ಮುಗಿಯಿತು. ಅವರನ್ನು ಬಸ್ಸಿಗೆ ಬಿಡಲು ಹೋದಾಗ, "ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?" ಎಂದೆ.

"ಎರಡು ವರ್ಷಾತು ತಮ್ಮಾ, ನನಗ ಚೌಕ ಕಾಣೂದಿಲ್ಲ. ನೆನಪಿನ ಮ್ಯಾಲ ಬರದೇನಿ. ಕಣ್ಣಿನ ನರಾ ಒಣಗ್ಯಾವ ಅಂದಾರ ಡಾಕ್ಟರು. ಕುರುಡ ಅಂತ ಹೊರಗ ಹಾಕೂಕಿಂತ, ಮಶೀನ್ ಬಂತು ಅಂತ ಹಾಕಿದ್ರ ಮರ್ಯಾದಿ ಅಲ್ಲೇನು?"

ನನಗೆ ಅಳು ಬಂತು.

ಮರುದಿನ ಮಾಲಕರಿಗೆ ಕರುಣೆ ಹುಟ್ಟಿ ಮಾಸ್ತರನ್ನು ಮತ್ತೆ ಕರೆಸಿದರು. "ನಿಮ್ಮನ್ನ ಹೆಂಗ ಬಿಡ್ಲಿ ಮಾಸ್ತರ? ಬರಿಯೂದು ಬ್ಯಾಡ. ಆಪ್ ಬರದದ್ದರಾಗ ನವಿಲಿಗೆ ಕಣ್ಣ ಐತೋ ಇಲ್ಲೋ, ಅಷ್ಟ ನೋಡ್ರಿ."

ಅವರ ಮನೆಗೆ ಬರುತ್ತಿದ್ದ ಪಗಾರ ಅದೊಂದೇ. ಮಾಸ್ತರು "ಆತ್ರಿ" ಅಂದರು.

ಅಂದಿನಿಂದ ಅವರು ನಕ್ಷೆ ಹಿಡಿದು ಕೂಡುತ್ತಾರೆ. ಆಪ್ ಸರಿಮಾಡುವ ನೆಪದಲ್ಲಿ ನಾನು ಹಿಂದೆ ನಿಲ್ಲುತ್ತೇನೆ. ಫೋಟೊದ ಸೀರೆ ಸವೆದಿದ್ದರೆ ಆಪ್‌ಗೆ ಈಗಲೂ ನವಿಲಿನ ಕಣ್ಣು ತಪ್ಪುತ್ತದೆ. ತಪ್ಪಿದರೆ ನಾನು ಕೆಮ್ಮುತ್ತೇನೆ, ಮಾಸ್ತರು ಗಟ್ಟಿಯಾಗಿ "ಇದಕ್ಕ ಕಣ್ಣಿಲ್ರಿ!" ಅನ್ನುತ್ತಾರೆ.

ಹೋದ ವಾರ ಮಾಲಕರು ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿದರು. "ಮಾಸ್ತರ, ಖರೆ ಹೇಳ್ರಿ." ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದೆ.

"ಈ ಆಪ್ ಸರ್‌ಗ ಏನರ ರೋಗ ಐತೇನ್ರಿ? ಎರಡು ತಿಂಗಳಾತು, ಬರೇ ಕೆಮ್ಮಾಕತ್ತಾರ. ನಿಮ್ಮ ಕಣ್ಣ ಚುರುಕ ಅದಾವು, ಇವರನ್ನ ದವಾಖಾನಿಗೆ ಕರಕೊಂಡು ಹೋಗಿ ಬರ್ರಿ."

ಮಾಸ್ತರು ಕೈ ಚಾಚಿ ತಡಕಾಡಿ ನನ್ನ ಕೈ ಹಿಡಿದರು. ರಸ್ತೆಗೆ ಇಳಿದೆವು. ಮಾಲಕರು ಬಾಗಿಲಲ್ಲಿ ನಿಂತು ಕೂಗಿದರು: "ಗಾಡಿ ಭಾಳ ಬರ್ತಾವ, ಗಟ್ಟಿ ಹಿಡ್ಕೊಳ್ರಿ ಮಾಸ್ತರ! ಕೈ ಬಿಟ್ಟೀರಿ ಮತ್ತ!"

ಮಾಸ್ತರು ಬಿಡಲೇ ಇಲ್ಲ.